ಒಂಟಿ ಕೊಂಬಿನದು

ಕಳೆದ ಸೆಪ್ಟೆಂಬರಿನಲ್ಲಿ ಬೆಟ್ಟದಿಂದ ಕುರಿಗಳು ಇಳಿದಾಗ
ನನ್ನನ್ನು ದೊಡ್ಡಿಯ ಬಾಗಿಲಲ್ಲಿ ನಿಲ್ಲಿಸಿದರು.
"ನೀನು ಎಣಿಸು" ಅಂದ ದೊಡ್ಡಪ್ಪ ಓಗ್ಮುಂಡೂರ್,
ಮುಖ ನೋಡದೆ.

ಎಣಿಸುವುದರಲ್ಲಿ ನನ್ನನ್ನು ಮೀರಿಸುವವರು
ಈ ಕೊಲ್ಲಿಯ ಎರಡೂ ದಂಡೆಯಲ್ಲಿ ಇರಲಿಲ್ಲ.
ಬ್ರೆಡ್ಡಿನ ಚೂರು, ಬಟಾಣಿ ಕಾಳು, ಮೆಟ್ಟಿಲು,
ನಡುರಾತ್ರಿ ಎದ್ದು ನನ್ನದೇ ಪಕ್ಕೆಲುಬು,
ಎಲ್ಲಕ್ಕೂ ಲೆಕ್ಕವಿತ್ತು ನನ್ನ ಹತ್ತಿರ
ಜಿಪುಣನ ಗಂಟಿನ ಹಾಗೆ.

ಒಳಗೆ, ಕೆಸರಿನಲ್ಲಿ,
ಹತ್ತು ವರ್ಷದ ಹುಡುಗರೂ ಕೊಂಬು ಹಿಡಿದು
ಬೆನ್ನಿನ ಆಚೀಚೆ ಕಾಲು ಹಾಕಿ
ಕಿವಿಯ ಕಚ್ಚು ನೋಡಿ, ನಮ್ಮದೋ ನೆರೆಯವರದೋ
ಕೂಗಿ ಹೇಳಿ ಎಳೆದೊಯ್ಯುತ್ತಿದ್ದರು.
ತಂಗಿ ಹಲ್ಬೇರಾ
ಒಂಟಿ ಕೊಂಬಿನ ಕರಿ ಕುರಿಯೊಂದರ ಜೊತೆ ಜಗಳಕ್ಕೆ ಬಿದ್ದು
ಮಕಾಡೆ ಬೋರಲು,
ಬಾಯ್ತುಂಬ ಕೆಸರು, ನಗು.
ಅದರ ಹಿಂದಿನ ವರ್ಷ
ಆ ಕೆಸರು ನನ್ನ ಬಾಯಲ್ಲಿತ್ತು.

ಸಂಜೆ ಕೊಟ್ಟಿಗೆಯಲ್ಲಿ ಅಜ್ಜಿ
ಒಂದೊಂದರ ಬೆನ್ನ ಮೇಲೂ ಅಂಗೈ ಇಟ್ಟು
ಉಣ್ಣೆಯೊಳಗೆ ಬೆರಳು ಇಳಿಸಿ
ಬೆನ್ನೆಲುಬು ಮುಟ್ಟಿ ನೋಡುತ್ತಿದ್ದಳು.
ಎಂಬತ್ತೊಂದು ಅವಳಿಗೆ. ಕಣ್ಣು ಮಂಜು.
ಕೈ ಮಾತ್ರ ಇನ್ನೂ ಸುಳ್ಳು ಕಲಿತಿಲ್ಲ.
"ಇದು ತಡೆಯುತ್ತೆ. ಇದೂ ತಡೆಯುತ್ತೆ.
ಇದರ ಎಲುಬು ಕೈಗೆ ಸಿಗುತ್ತೆ, ಚಳಿಗಾಲ ದಾಟಲ್ಲ,
ಬೇರೆ ಕಟ್ಟಿ, ಎರಡು ಹಿಡಿ ಹೆಚ್ಚು ಹಾಕಿ."
ಬೈಗುಳವಲ್ಲ ಅದು, ಕನಿಕರವೂ ಅಲ್ಲ.
ಹವಾಮಾನ ಹೇಳುವ ದನಿ.

ಮೂರು ಉಣ್ಣೆಯಂಗಿಯೊಳಗೂ ನಡುಗುತ್ತ
ಕುರಿಗಳ ನಡುವೆ ಬಗ್ಗಿ ಕೂತಿದ್ದೆ ನಾನು,
ಅವುಗಳ ಬಿಸಿಗಾಗಿ.
ಸಾಲಿನಲ್ಲಿ ಮುಂದಿನದು ಅಂತ
ಅವಳ ಕೈ ನನ್ನ ಬೆನ್ನ ಮೇಲೆ ಬಂತು.
ಉಣ್ಣೆ ಒತ್ತಿತು. ನಿಂತಿತು.
ಕುರಿಯಲ್ಲವೆಂದು ತಿಳಿದ ಮೇಲೂ
ತೆಗೆಯಲಿಲ್ಲ.
ಆ ದನಿಗಾಗಿ ಕಾದೆ.
ಬರಲಿಲ್ಲ.

ಇಷ್ಟಕ್ಕೇ ಬದಲಾದೆ ಅಂದರೆ ಸುಳ್ಳು.
ಆ ರಾತ್ರಿಯೂ ಊಟದ ಮೇಜಿನಲ್ಲಿ ಸುಳ್ಳು ಹೇಳಿದೆ.
ಡಿಸೆಂಬರಿನ ತನಕ ಹೇಳಿದೆ.

ಅಕುರೇರಿಯ ಆಸ್ಪತ್ರೆಯಲ್ಲಿ ದಾದಿ ಡ್ಯುರ್ಫಿನ್ನಾ
ಪ್ರತಿ ಮಂಗಳವಾರ ಅದೇ ಪ್ರಶ್ನೆ:
ಯಾತಕ್ಕಾಗಿ ಗುಣವಾಗಬೇಕು ನಿನಗೆ?
ಹಾಳೆಯಲ್ಲಿ ಐದು ಖಾಲಿ ಗೆರೆ.
ಅಮ್ಮನಿಗಾಗಿ ಅಂತ ಬರೆದೆ ಒಮ್ಮೆ;
ಓದಿದರೆ ಬೇರೆ ಯಾರದೋ ಕೈಬರಹ.
ಬದುಕಿಗಾಗಿ ಅನ್ನೋಣವೆಂದರೆ
ಆ ಮಾತು ನನಗೆ ತೀರಾ ದೊಗಳೆ,
ತೋಳಿನೊಳಗೆ ಕೈಯೇ ಕಾಣುವುದಿಲ್ಲ.

ಫೆಬ್ರವರಿಯ ಒಂದು ಮಂಗಳವಾರ
ಹೊರಗೆ ಹಿಮಗಾಳಿ, ಬಸ್ಸು ಇಲ್ಲ,
ಸಿಟ್ಟಿನಲ್ಲಿ ಬರೆದೆ:
ಕುರಿಯ ಕೊಂಬು ಹಿಡಿದು ಎಳೆಯಬೇಕು.
ಅವಳು ಎರಡು ಸಲ ಓದಿದಳು.
"ಯಾವ ಕುರಿ?"
"ಕರಿಯದು. ಒಂಟಿ ಕೊಂಬಿನದು. ತಂಗಿಯನ್ನು ಬೀಳಿಸಿತಲ್ಲ, ಅದು."
"ಒಂದೇ ಕೊಂಬಿದ್ದರೆ ಹಿಡಿಯುವುದು ಕಷ್ಟವಲ್ಲವಾ?"
"ಅದಕ್ಕೇ" ಅಂದೆ.
ಉಳಿದ ನಾಲ್ಕು ಗೆರೆ ಖಾಲಿಯಿರುವಂತೆಯೇ
ಹಾಳೆ ಮಡಚಿ ಕೊಟ್ಟಳು.

ಈಗ ಏಪ್ರಿಲ್. ಬಟ್ಟಲಲ್ಲಿ ಗಂಜಿ,
ಬೆಣ್ಣೆ ಹಚ್ಚಿದ ರೈ ರೊಟ್ಟಿ.
ತಲೆಯೊಳಗಿನ ಲೆಕ್ಕಿಗ ನನಗಿಂತ ಮೊದಲೇ ಎದ್ದು
ಕಡತ ಬಿಚ್ಚಿ ಕೂತಿದ್ದಾನೆ.
ಕೆಸರಲ್ಲಿ ಊರಲಿಕ್ಕೆ ಕಾಲಿಗೆ ಕಸುವು ಬೇಕು ಮಾರಾಯ, ಅನ್ನುತ್ತೇನೆ.
ಕೇಳುವುದಿಲ್ಲ ಅವನು.
ಮತ್ತೆ ಅನ್ನುತ್ತೇನೆ.
ಕೆಲವು ದಿನ ಅಳುತ್ತ ತಿನ್ನುತ್ತೇನೆ.
ಕೆಲವು ದಿನ ಅವನದೇ ಗೆಲುವು, ಮೊನ್ನೆಯೂ.

ಎದುರು ಅಜ್ಜಿ
ಸಕ್ಕರೆ ಹರಳು ಹಲ್ಲಲ್ಲಿ ಕಚ್ಚಿ ಅದರ ಮೂಲಕ
ಕಪ್ಪು ಕಾಫಿ ಹೀರುತ್ತಾಳೆ.
ರೇಡಿಯೋದಲ್ಲಿ ಉತ್ತರ ಐಸ್‌ಲ್ಯಾಂಡಿನ ಹಿಮದ ವರದಿ.
ರೊಟ್ಟಿಯ ಮೂಲೆ ನನ್ನ ಬಾಯಲ್ಲಿ, ಇನ್ನೂ ನುಂಗಿಲ್ಲ.
ಎದ್ದು ಹೋಗುವಾಗ ಅವಳ ಅಂಗೈ
ನನ್ನ ಬೆನ್ನಿಗೆ ಬರುತ್ತದೆ, ಹುಡುಕುತ್ತದೆ.
"ಇನ್ನೂ ಎರಡು ಹಿಡಿ ಹೆಚ್ಚು."
ಅದೇ ದನಿ.

ಕೊಟ್ಟಿಗೆಯಲ್ಲಿ ಒಂಟಿ ಕೊಂಬಿನದು
ಆಗಿನಿಂದ ಒಂದೇ ಸಮನೆ ಒದರುತ್ತಿದೆ,
ಹಸಿವು, ಹಸಿವು ಅಂತ,
ಒಂದಿಷ್ಟೂ ನಾಚಿಕೆಯಿಲ್ಲದೆ.