ಪುಂಡಿಯ ಅಳತೆ

ಆಸ್ಪತ್ರೆಯಲ್ಲಿ ಕೊಟ್ಟದ್ದು ಬಿಳಿ ಪ್ಲಾಸ್ಟಿಕ್ಕಿನದೊಂದು,
ಎಣ್ಣೆ ಹೊಯ್ಯುವ ಲಾಳಿಕೆಯ ದೊಡ್ಡಣ್ಣ.
ನಾನೂರೈವತ್ತು ರೂಪಾಯಿ, ಮದ್ದಿಗೆ ಬೇರೆ.
ಹತ್ತು ದಿನ ಕುತ್ತಿಗೆಯಲ್ಲೇ ಇರಲಿ,
ಹೊಲಿಗೆ ನೆಕ್ಕಬಾರದು, ಎಂದರು.

ರಿಕ್ಷಾದಲ್ಲಿ ಬೋಳಾರದವರೆಗೂ ಪುಂಡಿ
ಅದರೊಳಗಿಂದ ನನ್ನನ್ನೇ ನೋಡಿದಳು,
ಬಾವಿಗೆ ಬಿದ್ದವರು ಮೇಲೆ ನೋಡುವ ಹಾಗೆ.

ಮನೆಯಲ್ಲಿ ಅದು ಬಾಗಿಲಿಗೆ ಬಡಿಯಿತು,
ಮೆಶಿನ್ನಿನ ಕಾಲಿಗೆ ಬಡಿಯಿತು,
ಗಂಜಿಯ ಬಟ್ಟಲನ್ನು ಅಂಗಳದ ತನಕ ದೂಡಿಕೊಂಡು ಹೋಯಿತು.
ರಾತ್ರಿಯಿಡೀ ಸಿಮೆಂಟಿನ ನೆಲದಲ್ಲಿ ಗರಗರ,
ಯಾರೋ ಖಾಲಿ ಕೊಡಪಾನ ಎಳೆದ ಹಾಗೆ.
ಬೆಳಗಿನ ಜಾವ ಬಿಚ್ಚಿದೆ. ಬಿಚ್ಚಿದ್ದೇ ತಡ
ಮೂತಿ ನೇರ ಹೊಟ್ಟೆಗೆ.

ಆಗಲೇ ಸರಿಯಾಗಿ ನೋಡಿದ್ದು ಡಾಕ್ಟರರ ಹೊಲಿಗೆ.
ಇಪ್ಪತ್ತಾರು ವರ್ಷದಿಂದ ಬ್ಲೌಸು ಹೊಲಿಯುವವಳು ನಾನು,
ಹೇಳಬಾರದು, ಆದರೂ ಹೇಳುತ್ತೇನೆ:
ಏಳೇ ಏಳು ಸ್ಟಿಚ್ಚು, ದೂರ ದೂರ,
ಟ್ರಯಲಿಗೆ ಕೊಡುವಾಗ ಹಾಕುತ್ತೇವಲ್ಲ ಕಚ್ಚಾ, ಹಾಗೆ.
ಕೊನೆಯ ಗಂಟು ಮಾತ್ರ ಚಂದ ಉಂಟು.

ಓಣಿಗೆ ಸುದ್ದಿ ಹೋಯಿತು.
ನೆಬಿಸಕ್ಕ ಮೊಮ್ಮಗಳ ತಲೆದಿಂಬು ತಂದರು,
ನಡುವೆ ಗುಳಿ ಇದ್ದದ್ದು, ಕುತ್ತಿಗೆಗೆ ಸುತ್ತಲು.
ಪುಂಡಿ ಅದರ ಮೇಲೆ ತಲೆಯಿಟ್ಟು ಗೊರಕೆ ಹೊಡೆದಳು,
ಎದ್ದಳು, ನೆಕ್ಕಿದಳು.
ಒಂದು ಅಡಕೆ ಹಾಳೆ ಸಾಕು ಮಾರಾಯ್ತಿ,
ಮುಟ್ಟಾಳೆಗೆ ಮಡಚುವ ಹಾಗೆ ಮಡಚಿದರಾಯಿತು,
ಎಂದ ಮೇಸ್ತ್ರಿ ಬಾಬಣ್ಣ ತಾನೇ ನೆನೆಸಿ ತಾನೇ ಕತ್ತರಿಸಿ
ಕಟ್ಟಿಯೂ ಕೊಟ್ಟ. ಒಳ್ಳೆ ಗತ್ತಿತ್ತು ಅದರಲ್ಲಿ ಅವಳಿಗೆ.
ಮಧ್ಯಾಹ್ನದೊಳಗೆ ಅರ್ಧ ತಿಂದು ಮುಗಿಸಿದಳು.
ಬಾಬಣ್ಣನಿಗೆ ಬೇಸರವಾಯಿತು.
ಉಪ್ಪು ಹಾಕಿದ್ದೆಯಾ, ಕೇಳಿದೆ.

ಜೆಪ್ಪಿನ ಹುಡುಗಿಯ ರೋಸಿಗೆ ಆರು ಬ್ಲೌಸು ಬಾಕಿ ಇತ್ತು.
ಆದರೂ ಟೇಪು ತೆಗೆದೆ.
ಕುತ್ತಿಗೆ ಹದಿಮೂರು. ಎದೆ ಇಪ್ಪತ್ತೆರಡೂವರೆ.
ಬೆನ್ನು, ಬಾಲದ ಬುಡದವರೆಗೆ, ಹದಿನೇಳು.
ಗಿರಾಕಿಗಳಲ್ಲಿ ಇಷ್ಟು ಸುಮ್ಮನೆ ನಿಂತವರಿಲ್ಲ,
ಉಸಿರು ಹಿಡಿದು ಸೊಂಟ ಸಣ್ಣ ಮಾಡುವವರೇ ಎಲ್ಲ.

ಹಳೆಯ ನೈಟಿ, ಒಗೆದು ಒಗೆದು ಮೆತ್ತಗಾದದ್ದು.
ಮುಂಗಾಲಿಗೆ ಎರಡು ತೂತು, ಬಾಲಕ್ಕೊಂದು ಕಂಡಿ,
ಹೊಟ್ಟೆಗೆ ಎರಡು ಪದರ, ಅಂಚು ಹೊರಗೆ,
ಗಾಯಕ್ಕೆ ತಾಗಬಾರದಲ್ಲ.
ಲಾಡಿ ಬೆನ್ನ ಮೇಲೆ. ಹುಕ್ಕು ಇಡಲಿಲ್ಲ; ನುಂಗುವ ಪ್ರಾಣಿ.
ಉಚ್ಚೆಗೆಂದು ಬಿಚ್ಚಬೇಕು, ಮತ್ತೆ ಕಟ್ಟಬೇಕು,
ದಿನಕ್ಕೆ ಐದು ಸಲ ಮೊಣಕಾಲೂರಿದೆ ಅವಳ ಮುಂದೆ.

ಲೇಡಿಗೋಷನ್ನಿನಲ್ಲಿ ನನಗೂ ಹಾಕಿದ್ದರು,
ಹೆಚ್ಚುಕಡಿಮೆ ಅದೇ ಜಾಗಕ್ಕೆ.
ಆರು ವಾರ ಮೆಶಿನ್ ತುಳಿಯಬಾರದು.
ಎಂಟನೇ ದಿನ ಕಾಲು ತಾನಾಗಿ ಪೆಡಲಿಗೆ ಹೋಯಿತು,
ಚಕ್ರ ತಿರುಗಲಿಲ್ಲ.
ನಾದಿನಿ ಚಂದ್ರಾವತಿ ಬೆಲ್ಟು ಬಿಚ್ಚಿ ಅಡಗಿಸಿದ್ದಳು.
ಎಷ್ಟು ಬೈದೆ ಅವಳನ್ನು.
ಕಟ್ಟಿ ಹಾಕಿದೆಯಲ್ಲ ನನ್ನನ್ನು, ನಾಯಿಯ ಹಾಗೆ, ಎಂದೆ.
ಒಂದು ಮಾತು ಆಡಲಿಲ್ಲ.
ನನ್ನ ಗಿರಾಕಿಗಳ ಸೀರೆಗೆ ಕೈಯಲ್ಲೇ ಫಾಲು ಹಚ್ಚಿ ಕೊಟ್ಟಳು, ವಕ್ರವಕ್ರ,
ಆರು ವಾರ ಕಳೆದ ಸಂಜೆ
ಕುಚ್ಚಲಕ್ಕಿ ಡಬ್ಬಿಗೆ ಮೊಣಕೈವರೆಗೆ ಕೈ ಹಾಕಿ
ಬೆಲ್ಟು ತೆಗೆದು ಮೆಶಿನ್ನಿನ ಮೇಲಿಟ್ಟಳು.

ಹನ್ನೊಂದನೇ ದಿನ ಸ್ಟಿಚ್ಚು ಬಿಚ್ಚಿದರು.
ಡಾಕ್ಟರು ಅಂಗಿಯನ್ನು ತಿರುಗಿಸಿ ತಿರುಗಿಸಿ ನೋಡಿ
ಯಾರು ಹೊಲಿದದ್ದು, ಚಂದ ಉಂಟು, ಎಂದರು.
ನಿಮ್ಮದೂ, ಎಂದೆ. ಸುಳ್ಳು.

ಪ್ಲಾಸ್ಟಿಕ್ಕಿನ ಲಾಳಿಕೆ ಈಗ ಹಿತ್ತಿಲಲ್ಲಿ
ಬಸಳೆಯ ಎಳೆ ಬುಡಕ್ಕೆ ಸುತ್ತ ನಿಂತಿದೆ, ಕೋಳಿ ಕುಕ್ಕದ ಹಾಗೆ.
ಸಂಜೆ ಚಂದ್ರಾವತಿಗೆ ಫೋನು ಮಾಡಿದೆ.
ಎಂತ ವಿಶೇಷ, ಕೇಳಿದಳು.
ಎಂತದೂ ಇಲ್ಲ, ಎಂದೆ,
ನಾಯಿಗೆ ಗುಣ ಆಯಿತು.