ಕಲ್ನಾರು

ಜುಲೈ. ರುವಿಯ ಶಾಲೆಗೆ ರಜೆ.
ಗೇಟಿಗೆ ಹಳದಿ ಪಟ್ಟಿ, ಅರಬಿಯಲ್ಲೊಂದು ಎಚ್ಚರಿಕೆ.
ಬಿಳಿ ಮುಸುಕಿನವರು ಶೀಟು ನೆನೆಸಿ ನೆನೆಸಿ
ಹಸುಗೂಸಿನಂತೆ ಇಳಿಸುತ್ತಾರೆ,
ಎರಡೆರಡು ಪದರ ಪ್ಲಾಸ್ಟಿಕ್ಕಿನಲ್ಲಿ ಸುತ್ತುತ್ತಾರೆ.

ಆಚೆ ಫುಟ್‌ಪಾತಿನಲ್ಲಿ ಮಯ್ಯದ್ದಿ, ಶಾಲೆಯ ವಾಚ್‌ಮನ್,
ಲಬಾನ್ ಹೀರುತ್ತ ಎಣಿಸುತ್ತಾನೆ:
"ಆ ಮೂಲೆಯದ್ದು ನಾನೇ ಕೊರೆದದ್ದು, ಎಂಬತ್ತಾರರಲ್ಲಿ.
ಬಾಯಿಗೆ ಬೈರಾಸು. ಮಧ್ಯಾಹ್ನ ಅದನ್ನೇ ಕೊಡವಿ
ಅದರ ಮೇಲೇ ಖುಬ್ಬೂಸ್."

ನಿನ್ನೆ ಇನ್‌ಸ್ಪೆಕ್ಟರು ಗಾಳಿಯನ್ನು ಡಬ್ಬಿಯಲ್ಲಿ ಹಿಡಿದು
ತರಗತಿ ತರಗತಿಗೂ ಅಂಕ ಬರೆದುಕೊಂಡರು:
ಮೂರನೇ ಬಿ, ಪಾಸು. ಐದನೇ ಎ, ಮತ್ತೆ ಪರೀಕ್ಷೆ.

ಮಯ್ಯದ್ದಿ ಕೆಮ್ಮಿದ. ಮಾತು ತುಂಡಾಯಿತು.
ಮಾಡಿನಿಂದ ಬಿದ್ದ ಹಳೆಯ ಟೆನಿಸ್ ಚೆಂಡು
ಉರುಳುತ್ತ ಬಂದು ಪಟ್ಟಿಯ ಕೆಳಗೆ ನಿಂತಿತು.
ಹೆಕ್ಕಲು ಬಗ್ಗಿದವನಿಗೆ
ಮುಸುಕಿನೊಳಗಿಂದ ಯಾರೋ ಕೂಗಿದರು:
"ಮುಟ್ಟಬೇಡ, ಚಾಚಾ, ಅಪಾಯ!"