ಸಕ್ರೆಬೈಲಿನ ರೋಮ್

ಈ ಸಲ ನಾನು ರೋಮ್. ಕೆಂಪು ಬಾವುಟ,
ಬ್ಯಾಟರಿ ಸತ್ತ ಲ್ಯಾಪ್‌ಟಾಪು.
ಎಂಟು ಸರದಿಯೊಳಗೆ ಕಾರ್ಥೇಜ್ ಬೇಕೆಂದು
ಸೆನೆಟ್ಟಿನ ಹುಕುಂ; ಮೆಸ್ಕಾಂ ಮನಸ್ಸು ಮಾಡಿದರೆ ಆದೀತು.

ಮರಳು ದಾಟಿ ಬಂದವು ಹದಿನಾರು ಆನೆ.
ಬೆಂಕಿಬಾಣಕ್ಕೊಂದು ಕ್ಲಿಕ್.
ಬೆದರಿ, ಹೊರಳಿ, ತಮ್ಮವರನ್ನೇ ತುಳಿದವು.
ಗೆದ್ದೆ! ಅಂತ ಕೂಗಿದ್ದು ಕ್ಯಾಂಪಿಗೆಲ್ಲ ಕೇಳಿರಬೇಕು.

ಅಬ್ಬಾ ಹಿಂದೆ ನಿಂತಿದ್ದರು. ಹಿನ್ನೀರಲ್ಲಿ
ಚಂಪಾಳ ಮೈ ತಿಕ್ಕಿದ ಕೈ ಇನ್ನೂ ಒದ್ದೆ.
"ಕುತ್ತಿಗೆ ಮೇಲೆ ಕೂತೋನು ಉಳಿ ಯಾಕೆ ಹಿಡ್ಕಂಡಾನೆ?"

"ರೊಚ್ಚಿಗೆದ್ದರೆ ಮಾವುತನೇ ಕೊಲ್ಲಬೇಕು. ಆಟದಲ್ಲಿ ಹಾಗೇ."

ಅವರು ಕುಸುರೆಗೆ ಹುಲ್ಲು ಮಡಚುತ್ತಾ ಕೂತರು.
ಭತ್ತ, ಬೆಲ್ಲ, ಒಂದು ಗಂಟು. ಇನ್ನೊಂದು.
ಪರದೆ ಮೇಲೆ ಸೆನೆಟ್ಟಿನ ಶಭಾಷ್‌ಗಿರಿ,
ಮುಂದಿನ ಸರದಿಗೆ ಒತ್ತು ಅನ್ನುವ ಗುಂಡಿ.

"ಅದನ್ನ ಏನಂತ ಕರೀತಿದ್ನೋ ಅವನು?"
ಅಂದರು ಅಬ್ಬಾ, ಹುಲ್ಲಿನಿಂದ ತಲೆಯೆತ್ತದೆ.